ಒಂದೇ ಮನೆಗೆ ಬಂದ ಎರಡು ರಿಸಲ್ಟು: ಒಂದು ಪ್ರಕರಣ ಅಧ್ಯಯನ

2025ರ ಮೇ 2, ಶುಕ್ರವಾರ. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ. ಮಧ್ಯಾಹ್ನ ಮೂರರ ಸುಮಾರಿಗೆ ಕೊಪ್ಪಳ ತಾಲ್ಲೂಕಿನ ಗಿಣಿಗೇರಾ ಕಡೆಯ ಒಂದು ಹಳ್ಳಿಯಿಂದ ಫೋನು ಬಂತು. "ಅಕ್ಕೋರ, ನಮ್ಮ ಹುಡುಗ ಮನಿಗೆ ಬಂದಿಲ್ರಿ. ಎರಡು ಸಬ್ಜೆಕ್ಟ್ ಹೋಗ್ಯಾವಂತ. ಫೋನ್ ಹಚ್ಚಿದ್ರ ಎತ್ತವಲ್ಲ."

ನಾನು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುವಾಕೆ. ಹದಿಹರೆಯದ ಮಕ್ಕಳ ಜೊತೆ ಮಾತಾಡುವುದು ಹೇಗೆ ಎಂಬುದರ ಬಗ್ಗೆ ಒಂದೆರಡು ತರಬೇತಿ ಆಗಿದೆ, ಅಷ್ಟೇ, ಮನಶ್ಶಾಸ್ತ್ರ ಓದಿದವಳಲ್ಲ. ಆದರೂ ರಿಸಲ್ಟಿನ ದಿನ ಇಂಥ ಫೋನುಗಳು ನನಗೇ ಬರುತ್ತವೆ. ಈ ಬರಹ ಆ ದಿನ ನಾನು ಹುಡುಕಿಕೊಂಡು ಹೋದ ಹುಡುಗನದ್ದಲ್ಲ. ಅವತ್ತು ನನಗೆ ಚಾ ತಂದುಕೊಟ್ಟ ಹುಡುಗಿಯದ್ದು. ಗುರುತು ಹತ್ತಬಾರದೆಂದು ಊರಿನ ಹೆಸರು ಬಿಟ್ಟಿದ್ದೇನೆ, ಅಂಕಗಳನ್ನು ಸ್ವಲ್ಪ ಹಿಂದೆ ಮುಂದೆ ಮಾಡಿದ್ದೇನೆ. ಅವಳನ್ನು ಮನೆಯಲ್ಲಿ ಕರೆಯುವಂತೆ ತಂಗೆವ್ವ ಎಂದೇ ಬರೆಯುತ್ತೇನೆ. ಬರೆಯಲು ಅವಳದ್ದೂ ಅವರವ್ವನದ್ದೂ ಒಪ್ಪಿಗೆ ಇದೆ.

ಹುಡುಗ ಊರ ಹಿಂದಿನ ಗುಡ್ಡದ ಮೇಲೆ ಹನುಮಪ್ಪನ ಗುಡಿ ಹತ್ತಿರ ಕೂತಿದ್ದಾನೆ ಅಂತ ಕುರಿ ಕಾಯುವವರೊಬ್ಬರು ಹೇಳಿದ್ದರು. ಸ್ಕೂಟಿ ಹತ್ತುವ ಮೊದಲೇ ಅವನ ವಾಟ್ಸಾಪ್‌ಗೆ ಒಂದು ಧ್ವನಿ ಸಂದೇಶ ಹಾಕಿದೆ: "ನಾ ಬರಾಕತ್ತೀನಿ, ಬೈಯಾಕಲ್ಲ, ಮಾತಾಡಾಕ." ನಾನು ಗುಡ್ಡದ ಬುಡ ಮುಟ್ಟುವಷ್ಟರಲ್ಲಿ ಅವನೇ ಇಳಿದು ಬರುತ್ತಿದ್ದ. ಮೇ ತಿಂಗಳ ಬಿಸಿಲಿಗೆ ಬಂಡೆಗಳೆಲ್ಲ ಕಾದ ಹಂಚು. ಅವನು ಚಪ್ಪಲಿ ಕೈಯಲ್ಲಿ ಹಿಡಿದು, ಬರಿಗಾಲಲ್ಲಿ, ಓಡುವವನ ಹಾಗೆ ಇಳಿಯುತ್ತಿದ್ದ. ನನ್ನನ್ನು ಕಂಡು ಮೊದಲು ಕೇಳಿದ್ದು, "ತಂಗೆವ್ವ ಮನ್ಯಾಗ ಅದಾಳೇನ್ರಿ?"

ಚಿಕ್ಕಪ್ಪನ ಮಗಳು ಒಳ್ಳೆ ಅಂಕ ತಗೊಂಡಿದ್ದಾಳೆ, ಅವಳೆದುರು ಮುಖ ತೋರಿಸಲು ನಾಚಿಕೆ ಅನ್ನಿಸಿರಬೇಕು ಎಂದುಕೊಂಡೆ. ನನ್ನ ಸಂದೇಶ ಕೇಳಿಯೇ ಇಳಿದ ಅಂತಲೂ ಅಂದುಕೊಂಡೆ. ಆ ಹೆಮ್ಮೆ ನನಗೆ ಬಹಳ ದಿನ ಇತ್ತು.

ಅದು ಕೂಡು ಕುಟುಂಬ. ದೊಡ್ಡವರು ಹೊಲ ನೋಡಿಕೊಳ್ಳುತ್ತಾರೆ. ಚಿಕ್ಕವರು, ಅಂದರೆ ತಂಗೆವ್ವನ ಅಪ್ಪ, ಹತ್ತಿರದ ಉಕ್ಕಿನ ಕಾರ್ಖಾನೆಯೊಂದರಲ್ಲಿ ಗುತ್ತಿಗೆ ಮೇಲೆ ಪಾಳಿ ಕೆಲಸ ಮಾಡುತ್ತಾರೆ. ಅಜ್ಜಿ ಇದ್ದಾಳೆ. ಎರಡು ಒಲೆ ಆಗಿಲ್ಲ, ಆಗುವ ಮಾತೂ ಇಲ್ಲ. ದೊಡ್ಡವರ ಮಗ ಮತ್ತು ತಂಗೆವ್ವ ಒಂದೇ ವರ್ಷದ ಮಕ್ಕಳು, ಒಂದೇ ತರಗತಿ. ಅವನು ಎರಡು ತಿಂಗಳು ದೊಡ್ಡವನಾದ್ದರಿಂದ ಅಣ್ಣ.

ಅವತ್ತು ಪಡಸಾಲೆಯಲ್ಲಿ ಹತ್ತು ಹನ್ನೆರಡು ಜನ ಸೇರಿದ್ದರು. ಹುಡುಗ ಗೋಡೆಗೆ ಆತು ಕೂತ. ನಾನು ಹೇಳಬೇಕಾದ್ದನ್ನೆಲ್ಲ ಹೇಳಿದೆ. ಗಣಿತ, ವಿಜ್ಞಾನ ಎರಡೇ ಹೋಗಿರುವುದು. ಮೇ 26ಕ್ಕೆ ಪರೀಕ್ಷೆ-2 ಶುರು. ಅದರಲ್ಲೂ ಆಗದಿದ್ದರೆ ಆ ವರ್ಷ ಪರೀಕ್ಷೆ-3 ಕೂಡ ಇತ್ತು. ಮೊದಲಿನಂತೆ ಒಂದು ಸಲ ಹೋದರೆ ವರ್ಷವೇ ಹೋಯಿತು ಅನ್ನುವ ಕಾಲವಲ್ಲ. ರಾಜ್ಯದಲ್ಲಿ ಮೂವರಲ್ಲಿ ಹೆಚ್ಚುಕಡಿಮೆ ಒಬ್ಬರು ಅವತ್ತು ಪಾಸಾಗಿರಲಿಲ್ಲ. ನಮ್ಮ ಕಲ್ಯಾಣ ಕರ್ನಾಟಕದ ಕಲಬುರಗಿ ಶೇ. 42.43ರೊಂದಿಗೆ ಪಟ್ಟಿಯ ಕೊನೆಯಲ್ಲಿತ್ತು. ಇದನ್ನೆಲ್ಲ ಹೇಳಿದಾಗ ಹುಡುಗನ ಅವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡು, "ಹಂಗಾದ್ರ ನಮ್ಮಂವ ಒಬ್ನ ಅಲ್ಲ" ಅಂದಳು. ಸಮಾಧಾನದ ಗಾಳಿ ಬೀಸಿತು. ಯಾರೋ ಹುಡುಗನ ತಲೆ ಸವರಿದರು.

ಆಗ ತಂಗೆವ್ವ ಚಾ ತಂದಳು. ಕುಡಿದೆ. ಸಕ್ಕರೆಯೇ ಇರಲಿಲ್ಲ. ನನಗೆ ಸಕ್ಕರೆ ಕಾಯಿಲೆ ಏನಿಲ್ಲ, ಅವರಿಗೂ ಅದು ಗೊತ್ತು. ಗಡಿಬಿಡಿಯಲ್ಲಿ ಮರೆತಿರಬೇಕು ಅಂತ ಸುಮ್ಮನಾದೆ. ಲೋಟ ಕೊಡುವಾಗ ಅವಳಿಗೆ ನಗುತ್ತಾ ಹೇಳಿದೆ: "ನಿನಗೇನವ್ವ, ನೀ ಗೆದ್ದಿ ಬಿಡು."

ಅವಳು "ಹೂಂರಿ" ಅಂದಳು.

ನಾಲ್ಕನೇ ದಿನ ಅವರವ್ವನ ಫೋನು. ದನಿ ತಗ್ಗಿಸಿ ಮಾತಾಡುತ್ತಿದ್ದಳು, ಹಿತ್ತಲಲ್ಲಿ ನಿಂತು ಮಾತಾಡುತ್ತಿದ್ದಾಳೆ ಅನ್ನುವುದು ಎಮ್ಮೆಯ ಕೂಗಿನಿಂದ ತಿಳಿಯುತ್ತಿತ್ತು. "ಅಕ್ಕೋರ, ಹುಡುಗಿ ರೊಟ್ಟಿ ಮುಟ್ಟವಲ್ಲಳ್ರಿ. ಕೇಳಿದ್ರ ಹಸವಿಲ್ಲ ಅಂತಾಳ. ರಾತ್ರಿ ಎಷ್ಟೊತ್ತಿಗೆ ನೋಡಿದ್ರೂ ಕಣ್ಣು ಬಿಟ್ಕೊಂಡ ಇರ್ತಾಳ. ನೀವು ಹುಡುಗನ ನೋಡಾಕ ಬಂದಂಗ ಮಾಡಿ ಬರ್ರಿ."

"ಹುಡುಗನ ನೋಡಾಕ ಬಂದಂಗ ಮಾಡಿ" ಎಂಬ ಮಾತನ್ನು ನಾನು ಡೈರಿಯಲ್ಲಿ ಹಾಗೇ ಬರೆದುಕೊಂಡೆ. 625ಕ್ಕೆ 522 ತೆಗೆದ ಮಗುವನ್ನು ಸಮಾಧಾನ ಮಾಡಲು ಟೀಚರ್ ಬಂದರು ಅಂದರೆ, ಎರಡು ವಿಷಯ ಹೋದ ಹುಡುಗನ ತಾಯಿಗೆ ಏನನ್ನಿಸಬೇಕು? ಆ ಅಂಜಿಕೆ ಈ ತಾಯಿಗೆ. ತನ್ನ ಮಗಳ ದುಃಖವನ್ನೂ ನೆಗೆಣ್ಣಿಗೆ ಕಾಣದ ಹಾಗೆ ಹಿತ್ತಲಲ್ಲಿ ನಿಂತು ಹೇಳಬೇಕಾಗಿತ್ತು.

ಅಂಕಗಳನ್ನು ಇಲ್ಲೇ ಹೇಳಿಬಿಡುತ್ತೇನೆ. ಕನ್ನಡ 125ಕ್ಕೆ 118, ಇಂಗ್ಲಿಷ್ 88, ಹಿಂದಿ 94, ಸಮಾಜ 89, ವಿಜ್ಞಾನ 72, ಗಣಿತ 61. ಒಟ್ಟು 522, ಶೇ. 83.52. ಯಾವ ಲೆಕ್ಕದಲ್ಲೂ ಇದು ಕಡಿಮೆಯಲ್ಲ. ಆದರೆ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಅವಳಿಗೆ 588 ಬಂದಿತ್ತು. ಅಲ್ಲಿಂದ ಶುರುವಾದದ್ದು 600ರ ಮಾತು. ಶಾಲೆಯಲ್ಲಿ ಕೆಲವು ಮಕ್ಕಳನ್ನು ಬೇರೆ ಕೂಡಿಸಿ ಸಂಜೆ ಓದಿಸುತ್ತಿದ್ದರು. ಒಬ್ಬ ಶಿಕ್ಷಕರು ಅವಳ ಪಾಸ್‌ಪೋರ್ಟ್ ಅಳತೆಯ ಫೋಟೋವನ್ನು ಮಾರ್ಚಿನಲ್ಲೇ ಇಸಿದುಕೊಂಡಿದ್ದರು, ಫ್ಲೆಕ್ಸಿಗೆ. ರಿಸಲ್ಟಿನ ಮರುದಿನ ಸಂಜೆ ಶಾಲೆ ಮುಂದೆ ಫ್ಲೆಕ್ಸು ಕಟ್ಟಿದರು. ಮೂರು ಮಕ್ಕಳ ಫೋಟೋ ಇತ್ತು. ಅವಳದ್ದು ಇರಲಿಲ್ಲ. ಫೋಟೋ ವಾಪಸೂ ಬರಲಿಲ್ಲ.

ಈ ಪೂರ್ವಸಿದ್ಧತಾ ಅಂಕದ ಬಗ್ಗೆ ಶಿಕ್ಷಕಿಯಾಗಿ ಒಂದು ಮಾತು ಹೇಳಲೇಬೇಕು. ಅದರ ಉತ್ತರ ಪತ್ರಿಕೆ ನೋಡುವವರು ನಾವೇ. ಮಗು ಏನು ಬರೆಯಲು ಹೊರಟಿತ್ತು ಅನ್ನುವುದು ನಮಗೆ ಗೊತ್ತಿರುತ್ತದೆ. ಅರ್ಧ ಬರೆದದ್ದನ್ನು ನಮ್ಮ ಮನಸ್ಸು ಪೂರ್ತಿ ಮಾಡಿಕೊಂಡು ಅಂಕ ಹಾಕುತ್ತದೆ. ಹುಮ್ಮಸ್ಸು ಬರಲಿ ಅಂತ ಒಂದೆರಡು ಹೆಚ್ಚೂ ಬೀಳುತ್ತವೆ. ನಾನೂ ಹಾಕಿದವಳೇ. ಆ ಹುಮ್ಮಸ್ಸಿನ ಸಾಲವನ್ನು ಮೇ ತಿಂಗಳಲ್ಲಿ ಮಗು ಒಬ್ಬಂಟಿಯಾಗಿ ತೀರಿಸುತ್ತದೆ.

ನಾನು ಹೋದಾಗ ತಂಗೆವ್ವ ಹಿಂದಿನ ಕೋಣೆಯಲ್ಲಿ ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು. ಮಧ್ಯಾಹ್ನದ ಧಗೆ, ಫ್ಯಾನೂ ಹಾಕಿರಲಿಲ್ಲ. ಪಕ್ಕದಲ್ಲಿ ತಾಟಿನಲ್ಲಿ ಎರಡು ಜೋಳದ ರೊಟ್ಟಿ, ಶೇಂಗಾ ಹಿಂಡಿ. ರೊಟ್ಟಿ ಒಣಗಿ ಅಂಚು ಮೇಲೆದ್ದಿತ್ತು. ಅವಳ ಪುಸ್ತಕಗಳು ಕಾಣಲಿಲ್ಲ. ಓಣಿಯ ಹುಡುಗಿಯೊಬ್ಬಳಿಗೆ ಕೊಟ್ಟೆ ಅಂದಳು. ಪಾಸಾದವರು ಪುಸ್ತಕ ಕೊಡುವುದು ಸಹಜ. ಆದರೆ ಕೈಗಡಿಯಾರವನ್ನೂ ಕೊಟ್ಟಿದ್ದಳು. ಪರೀಕ್ಷೆಗೆಂದು ಅಪ್ಪ ಕೊಪ್ಪಳದಿಂದ ತಂದ ಗಡಿಯಾರ. ಇಷ್ಟದ ವಸ್ತುಗಳನ್ನು ಹೀಗೆ ಹಂಚುವುದು ಕಂಡರೆ ಸುಮ್ಮನೆ ಬಿಡಬೇಡಿ ಅಂತ ನಮ್ಮ ತರಬೇತಿಯಲ್ಲಿ ಹೇಳಿದ್ದರು. ಊಟ ಬಿಟ್ಟದ್ದು, ನಿದ್ದೆ ಇಲ್ಲದ್ದು, ಈಗ ಇದು. ಮೂರೂ ಸೇರಿದಾಗ ನನಗೆ ಬೆನ್ನು ತಣ್ಣಗಾಯಿತು.

ಅರ್ಧ ಗಂಟೆ ಬೇರೆ ಬೇರೆ ಮಾತಾಡಿದೆವು. ಕಡೆಗೆ ನೇರವಾಗಿ ಕೇಳಿದೆ: "ಸಾಯಬೇಕು ಅನ್ನಿಸ್ತದೇನವ್ವ?"

ಹೀಗೆ ಕೇಳುವುದಕ್ಕೆ ನಮ್ಮಲ್ಲಿ ಬಹಳ ಅಂಜುತ್ತಾರೆ. ಇಲ್ಲದ್ದನ್ನು ನಾವೇ ತಲೆಯಲ್ಲಿ ಹಾಕಿದಂತಾಗುತ್ತದೆ, ಅಪಶಕುನ, ಬಿಡ್ತು ಅನ್ನು ಅನ್ನುತ್ತಾರೆ. ಕೇಳಿದರೆ ಆ ಯೋಚನೆ ಹುಟ್ಟುವುದಿಲ್ಲ, ಇದ್ದರೆ ಹೊರಗೆ ಬರುತ್ತದೆ ಎಂಬುದನ್ನು ಈ ಕ್ಷೇತ್ರದಲ್ಲಿ ಕೆಲಸ ಮಾಡಿದವರೆಲ್ಲ ಹೇಳುತ್ತಾರೆ. ತಂಗೆವ್ವ ಬಹಳ ಹೊತ್ತು ಮಾತಾಡಲಿಲ್ಲ. ಚಾಪೆಯ ಒಂದು ಎಳೆಯನ್ನು ಬಿಡಿಸಿ ಬೆರಳಿಗೆ ಸುತ್ತುತ್ತಾ ಕೂತಳು. ಆಮೇಲೆ, "ಹಂಗೇನಿಲ್ರಿ. ಆದ್ರ ಮುಂಜಾನೆ ಎಚ್ಚರಾನ ಆಗಬಾರದು ಅನ್ನಿಸ್ತದ" ಅಂದಳು.

ಇಂಥ ಮಾತು ಕೇಳಿದ ಮೇಲೆ ಗುಟ್ಟು ಕಾಯುವ ಪ್ರಶ್ನೆ ಇರುವುದಿಲ್ಲ. ಅವಳಿಗೆ ಹೇಳಿಯೇ ಅವರವ್ವನನ್ನೂ ದೊಡ್ಡಪ್ಪನನ್ನೂ ಕರೆದೆ. ಮನೆಯಲ್ಲಿ ನಿರ್ಧಾರ ನಡೆಯುವುದು ದೊಡ್ಡಪ್ಪನಿಂದ; ಅವರನ್ನು ಬಿಟ್ಟು ಏನು ಮಾಡಿದರೂ ನಿಲ್ಲುವುದಿಲ್ಲ. ರೈತರ ಮನೆ, ಕೊಟ್ಟಿಗೆಯ ಮಾಡದಲ್ಲಿ ಬೆಳೆಗೆ ಹೊಡೆಯುವ ಎಣ್ಣೆಯ ಡಬ್ಬಿಗಳಿದ್ದವು. ಅವನ್ನು ಇವತ್ತೇ ತೆಗೆಯಬೇಕು ಅಂದೆ. ದೊಡ್ಡಪ್ಪ ಒಂದು ಮಾತೂ ಕೇಳಲಿಲ್ಲ. ಎದ್ದು ಹೋಗಿ, ಎಲ್ಲವನ್ನೂ ಗೊಬ್ಬರದ ಚೀಲಕ್ಕೆ ತುಂಬಿ, ಹೊಲದ ಪಂಪಿನ ಮನೆಯಲ್ಲಿಟ್ಟು ಕೀಲಿ ಹಾಕಿಕೊಂಡು ಬಂದರು. ಆ ಕೀಲಿ ಇವತ್ತಿಗೂ ಅವರ ಉಡಿದಾರದಲ್ಲೇ ಇದೆ. ರಾತ್ರಿ ಅಜ್ಜಿ ಅವಳ ಪಕ್ಕ ಮಲಗುವುದು ಅಂತಾಯಿತು. "ನಿನ್ನ ಕಾಯಾಕ" ಅನ್ನಲಿಲ್ಲ. "ನನಗ ಮಣಕಾಲು ನೋಯ್ತಾವ, ತಿಕ್ಕು ಬಾ" ಅಂದಳು. ಅಜ್ಜಿಗೆ ಯಾರೂ ತರಬೇತಿ ಕೊಟ್ಟಿರಲಿಲ್ಲ.

ನನ್ನ ಫೋನಿನಿಂದಲೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, 14416ಕ್ಕೆ, ಕರೆ ಮಾಡಿದೆವು. ಉಚಿತ ಕರೆ, ದಿನದ ಇಪ್ಪತ್ನಾಲ್ಕು ತಾಸೂ ಇರುತ್ತದೆ, ಕನ್ನಡದಲ್ಲಿ ಮಾತಾಡುತ್ತಾರೆ. ಫೋನು ಅವಳ ಕೈಗೆ ಕೊಟ್ಟು ನಾವು ಹೊರಗೆ ಬಂದೆವು. ಇಪ್ಪತ್ತು ನಿಮಿಷ ಮಾತಾಡಿದಳು. ಎರಡು ದಿನಕ್ಕೆ ಅವರವ್ವನ ಜೊತೆ ಜಿಲ್ಲಾಸ್ಪತ್ರೆಯ ಮನೋರೋಗ ವಿಭಾಗಕ್ಕೆ ಹೋಗಿ ಬಂದಳು. "ಹುಚ್ಚರ ದವಾಖಾನಿ" ಅನ್ನುವ ಮಾತು ಮನೆಯಲ್ಲಿ ಬಂತು, ಬರದೇ ಇರುತ್ತದೆಯೇ. ಆಗ ನನ್ನ ಪಾಠದ ಚಾಳಿ ಉಪಯೋಗಕ್ಕೆ ಬಂತು. ಇದೇನೂ ಬೆಂಗಳೂರಿನವರ ಹೊಸ ಶೋಕಿ ಅಲ್ಲ, ಪಕ್ಕದ ಬಳ್ಳಾರಿ ಜಿಲ್ಲೆಯಲ್ಲಿ 1985ರಿಂದ ಐದು ವರ್ಷ ನಿಮ್ಹಾನ್ಸಿನವರು ಹಳ್ಳಿ ಆಸ್ಪತ್ರೆಯ ಡಾಕ್ಟರಿಗೆಲ್ಲ ಮನಸ್ಸಿನ ಕಾಯಿಲೆ ನೋಡುವುದನ್ನು ಕಲಿಸಿದರು, ಅದನ್ನೇ ಮಾದರಿಯಾಗಿ ಇಟ್ಟುಕೊಂಡು 1996ರಲ್ಲಿ ದೇಶದ ಬೇರೆ ಕೆಲವು ಜಿಲ್ಲೆಗಳಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರು ಮಾಡಿದರು ಅಂತ ಹೇಳಿದೆ. ದೊಡ್ಡಪ್ಪನಿಗೆ "ಬಳ್ಳಾರಿ ಮಾದರಿ" ಅನ್ನುವುದು ಹಿಡಿಸಿತು. ಜೋಳದ ಬೀಜದ ಹೊಸ ತಳಿಯ ಬಗ್ಗೆ ಕೇಳಿದ ಹಾಗೆ ಎರಡು ಪ್ರಶ್ನೆ ಕೇಳಿ ಒಪ್ಪಿಕೊಂಡರು. ಡಾಕ್ಟರು ಮಾತ್ರೆ ಕೊಡಲಿಲ್ಲ; ಎರಡು ವಾರಕ್ಕೊಮ್ಮೆ ಬಂದು ಹೋಗಲು ಹೇಳಿದರು.

ಇದಿಷ್ಟು ಅವಸರದ ಕೆಲಸ. ಅವಳಿಗೆ ನಿಜವಾಗಿ ಎಲ್ಲಿ ನೋವಾಗಿದೆ ಎನ್ನುವುದು ಇನ್ನೂ ಗೊತ್ತಾಗಿರಲಿಲ್ಲ. 600 ಬರಲಿಲ್ಲ, ಫ್ಲೆಕ್ಸು, ಆ ದಿನವಿಡೀ ಟಿವಿಯಲ್ಲಿ 625ಕ್ಕೆ 625 ತೆಗೆದ 22 ಮಕ್ಕಳ ಬಾಯಿಗೆ ಪೇಡೆ ಇಡುವ ದೃಶ್ಯ, ಗೆಳತಿಯರ ಸ್ಟೇಟಸ್ಸು. ಇವೆಲ್ಲ ಇದ್ದವು. ಅವಳೇ ಇದನ್ನೆಲ್ಲ ಹೇಳಿದಳು, ಪಾಠ ಒಪ್ಪಿಸಿದಂತೆ, ಕಣ್ಣಲ್ಲಿ ನೀರಿಲ್ಲದೆ. ಅಳು ಬಂದದ್ದು ಬೇರೆ ಒಂದು ಕಡೆ.

ಮೂರನೆಯ ಸಲ ಹೋದಾಗ ಅವರಪ್ಪನಿಗೆ ರಾತ್ರಿ ಪಾಳಿ ಇತ್ತು, ಹಗಲು ಮನೆಯಲ್ಲಿದ್ದರು. ಅವರು ಆ ಹತ್ತು ದಿನಗಳಲ್ಲಿ ಮಗಳ ರಿಸಲ್ಟಿನ ಬಗ್ಗೆ ಒಂದು ಶಬ್ದ ಮಾತಾಡಿರಲಿಲ್ಲ. ಒಳ್ಳೇದಾಯ್ತು ಅಂತಲೂ ಇಲ್ಲ, ಕಡಿಮೆ ಆಯ್ತು ಅಂತಲೂ ಇಲ್ಲ. ತಂಗೆವ್ವ ಎದ್ದು ಹೋಗಿ ಟ್ರಂಕಿನ ಹಿಂದಿನಿಂದ ಒಂದು ರಟ್ಟಿನ ಡಬ್ಬಿ ತಂದು ನನ್ನ ಮುಂದೆ ಇಟ್ಟಳು. ಮಿಠಾಯಿ ಅಂಗಡಿಯ ಒಂದು ಕೇಜಿ ಡಬ್ಬಿ. ಒಳಗೆ ಪೇಡೆ. ಕೆಂಪಿರುವೆ ಸಾಲುಗಟ್ಟಿದ್ದವು, ಮೇಲಿನ ಸಾಲು ಬೂಸರು ಹಿಡಿದು ಬೆಳ್ಳಗಾಗಿತ್ತು.

"ಕಾರ್ಖಾನ್ಯಾಗ ಹಂಚಾಕ ರಿಸಲ್ಟಿನ ದಿನಾನ ತಂದಾರ್ರಿ. ನನ್ನ ಮಾರ್ಕ್ಸ್ ನೋಡಿ ಹಂಚಲಿಲ್ಲ. ಮುಚ್ಚಿಟ್ಟಾರ. ಮಂದಿ ಮುಂದ ಹೇಳ್ಕೊಳ್ಳಾಕ ನಾಚಿಕಿ ಆಗೇದ ಅವರಿಗೆ."

ಅಷ್ಟು ಹೇಳಿ ಅತ್ತಳು.

ಬಾಗಿಲಲ್ಲಿ ನಿಂತಿದ್ದ ಅಪ್ಪನಿಗೆ ಇದು ಕೇಳಿಸಿತು. ಆ ಮನುಷ್ಯ ಮಾತುಗಾರರಲ್ಲ. ಒಳಗೆ ಬಂದು ಡಬ್ಬಿಯನ್ನೇ ನೋಡುತ್ತಾ ನಿಂತರು. ಆಮೇಲೆ ಹೇಳಿದ್ದು ಇಷ್ಟು: "ಅಣ್ಣನ ಮಗ ಗುಡ್ಡ ಹತ್ತಿ ಕುಂತಾನ. ಅದ ಮನಿಯಾಗ ನಾ ಹೆಂಗ ಪೇಡೆ ಹಂಚಲೆವ್ವಾ? ಅಣ್ಣಗ ಏನಂತ ಮುಖ ತೋರಿಸ್ಲಿ?"

ನನ್ನ ಈ ಪ್ರಕರಣದ ಗಂಟು ಇರುವುದು ಇಲ್ಲಿ. ಒಂದೇ ಮನೆಗೆ ಒಂದೇ ಮಧ್ಯಾಹ್ನ ಎರಡು ಫಲಿತಾಂಶ ಬಂದವು. ಫೇಲಾದ ಹುಡುಗನಿಗೆ ನೋವಾಗಬಾರದೆಂದು ಇಡೀ ಮನೆ ಮಾತು ನುಂಗಿಕೊಂಡಿತು. ದೊಡ್ಡವರ ಮರ್ಯಾದೆ ಕಾಯುವುದು ನಮ್ಮ ಕೂಡು ಕುಟುಂಬಗಳ ರೂಢಿ. ತಪ್ಪು ಅಂತ ನಾನು ಹೇಳಲಾರೆ. ಆದರೆ ಆ ಮೌನಕ್ಕೆ ಯಾರ ಹೆಸರೂ ಬರೆದಿರುವುದಿಲ್ಲವಲ್ಲ. ಹುಡುಗಿ ಅದನ್ನು ತನ್ನ ವಿಳಾಸಕ್ಕೆ ಬಂದ ಕಾಗದದಂತೆ ಒಡೆದು ಓದಿಕೊಂಡಳು. ಹುಡುಗನಿಗಾದರೋ ಎಲ್ಲರೂ ಸೇರಿ "ಹೋಗ್ಲಿ ಬಿಡಪಾ" ಅಂದರು. ಫೇಲಾದವರಿಗೆ ಹೇಳುವ ಮಾತು ನಮ್ಮಲ್ಲಿ ಬೇಕಾದಷ್ಟಿವೆ. 522ಕ್ಕೆ ಏನು ಹೇಳಬೇಕು ಎನ್ನುವುದು ಯಾರಿಗೂ ಗೊತ್ತಿರಲಿಲ್ಲ. ನಾನು ಹೇಳಿದ್ದೂ "ನೀ ಗೆದ್ದಿ" ಅಂತ. ಅವಳು ಸೋತೆ ಅಂದುಕೊಂಡಿದ್ದಳು; ಆ ಮಾತನ್ನು ಹೊರಗೆ ಹಾಕಲು ಇದ್ದ ಒಂದು ಬಾಗಿಲನ್ನೂ ನಾನೇ ಹಾಕಿಬಂದಿದ್ದೆ.

ಪೇಡೆಯ ವಿಷಯ ಬಿಡಿಸಿದರೂ ಅಂಕದ ಸಂಕಟ ಇದ್ದೇ ಇತ್ತು. ಅದನ್ನು ಮಾತಿನಲ್ಲಿ ಕರಗಿಸಲು ನಾನು ಹೋಗಲಿಲ್ಲ. ಗಣಿತದ ಉತ್ತರ ಪತ್ರಿಕೆಯ ಸ್ಕ್ಯಾನ್ ಪ್ರತಿಗೆ ಅರ್ಜಿ ಹಾಕಿದ್ದರು. ಅದು ಬಂದಾಗ ಇಬ್ಬರೂ ಅಡುಗೆಮನೆಯ ನೆಲದ ಮೇಲೆ ಕೂತು ಫೋನಿನಲ್ಲಿ ಪುಟ ಪುಟ ಹಿಗ್ಗಿಸಿ ನೋಡಿದೆವು. ನಾನು ಗಣಿತದವಳಲ್ಲ, ಪಕ್ಕದಲ್ಲಿ ನಮ್ಮ ಶಾಲೆಯ ಗಣಿತ ಮೇಷ್ಟ್ರನ್ನು ವಿಡಿಯೋ ಕಾಲಿನಲ್ಲಿ ಇಟ್ಟುಕೊಂಡಿದ್ದೆ. ಪತ್ರಿಕೆ 80 ಅಂಕದ್ದು, 38 ಪ್ರಶ್ನೆ. ಒಂದಂಕದ ಹದಿನಾರರಲ್ಲಿ ಹದಿನಾಲ್ಕು ಸರಿ. ಎರಡಂಕದವೂ ಬಹುತೇಕ ಸರಿ. ಮೂರಂಕದ ಪ್ರಶ್ನೆಗಳಿಗೆ ಬಂದಾಗ ಒಂದು ಪುಟ ಸಿಕ್ಕಿತು. ಸರಾಸರಿ ಕಂಡುಹಿಡಿಯುವ ಲೆಕ್ಕ. ಕೋಷ್ಟಕ ಬರೆದಿದ್ದಾಳೆ, ಅಡ್ಡಗೆರೆ ಎಳೆದು ಹೊಡೆದಿದ್ದಾಳೆ. ಕೆಳಗೆ ಮತ್ತೆ ಅದೇ ಕೋಷ್ಟಕ, ಮತ್ತೆ ಹೊಡೆದಿದ್ದಾಳೆ. ಮುಂದಿನ ಪುಟದಲ್ಲಿ ಮೂರನೆಯ ಸಲ. ಮೊದಲಿನ ಎರಡರ ಅಕ್ಷರ ಅಚ್ಚು ಒತ್ತಿದಂತೆ. ಮೂರನೆಯದು ಗೆರೆ ಬಿಟ್ಟು ಮೇಲೆ ಕೆಳಗೆ ಹೋಗಿತ್ತು. ಮೇಷ್ಟ್ರು ನೋಡಿ, "ಮೊದಲನೇದ ಸರಿ ಇತ್ತಲ್ಲ ತಂಗಿ. ಯಾಕ ಹೊಡದಿ?" ಅಂದರು.

ಅವಳು ಹೇಳಿದ್ದನ್ನು ಹಾಗೇ ಬರೆಯುತ್ತೇನೆ. "ಉತ್ತರ ದಶಾಂಶದಾಗ ಬಂತ್ರಿ. ಪೂರ್ಣ ಸಂಖ್ಯೆ ಬರಬೇಕಿತ್ತು ಅನ್ನಿಸ್ತು. ಇದೊಂದು ತಪ್ಪಿದ್ರ ನೂರು ಹೋತು, ನೂರು ಹೋದ್ರ ಆರನೂರು ಹೋತು ಅಂತ ತಲ್ಯಾಗ ಓಡಾಕತ್ತಿತು. ಗಡಿಯಾರ ನೋಡಿದ್ರ ನಲವತ್ತು ನಿಮಿಷ ಹೋಗಿತ್ತು."

ಅಲ್ಲಿಂದ ಮುಂದೆ ನಾಲ್ಕಂಕದ ಮೂರು ಲೆಕ್ಕ, ಐದಂಕದ ಒಂದು, ಖಾಲಿ. ಎಲ್ಲರೂ ಕೈಗೆ ಸಿಕ್ಕ ಅಂಕ ಅಂತ ಎಣಿಸುವ ಗ್ರಾಫ್ ಕೂಡ ಅರ್ಧ. 80ಕ್ಕೆ 41 ಬಂದದ್ದು ಹೀಗೆ. ಅವಳು ಬಹಳ ಹೊತ್ತು ಆ ಹೊಡೆದುಹಾಕಿದ ಮೊದಲ ಕೋಷ್ಟಕವನ್ನೇ ಎರಡು ಬೆರಳಲ್ಲಿ ದೊಡ್ಡದು ಮಾಡಿ ನೋಡುತ್ತಿದ್ದಳು. ನನಗೆ ಅನ್ನಿಸಿದ್ದು, "ನನಗ ಬುದ್ಧಿ ಕಡಿಮಿ" ಅನ್ನುವ ದೊಡ್ಡ ಕಲ್ಲು ಆ ಹೊತ್ತಿಗೆ ಒಂದು ನಿರ್ದಿಷ್ಟ ತಪ್ಪಾಗಿ ಸಣ್ಣದಾಯಿತು: ಸರಿ ಇದ್ದದ್ದನ್ನು ಹೊಡೆದೆ, ನಲವತ್ತು ನಿಮಿಷ ಕಳೆದೆ. ಗಡಿಯಾರವನ್ನು ಯಾಕೆ ಕೊಟ್ಟುಬಿಟ್ಟಳು ಎನ್ನುವುದೂ ಆಗ ಹೊಳೆಯಿತು. ಮರುಮೌಲ್ಯಮಾಪನಕ್ಕೆ ಹಾಕೋದು ಬೇಡ, ಖಾಲಿ ಪುಟಕ್ಕೆ ಯಾರು ಅಂಕ ಕೊಡ್ತಾರೆ ಅಂತ ಅವಳೇ ನಕ್ಕಳು. ಮೇ ಎರಡರ ನಂತರ ನಾನು ಕಂಡ ಮೊದಲ ನಗು.

ಪಾಸಾದವರೂ ಅಂಕ ಹೆಚ್ಚಿಸಿಕೊಳ್ಳಲು ಪರೀಕ್ಷೆ-2ಕ್ಕೆ ಕೂರಬಹುದು. ಎರಡರಲ್ಲಿ ಯಾವುದು ಹೆಚ್ಚೋ ಅದು ಉಳಿಯುತ್ತದೆ. ಅವಳ ಹೆಸರು ಆಗಲೇ ನೋಂದಾಯಿಸಿತ್ತು. ನನ್ನ ಅಭಿಪ್ರಾಯ ಬೇಡ ಎಂದಿತ್ತು. ನಿದ್ದೆ ಈಗಷ್ಟೇ ಹತ್ತುತ್ತಿದೆ, ಮತ್ತೆ ಅದೇ ಪರೀಕ್ಷಾ ಕೋಣೆಗೆ ಹೋಗಿ ಕೂರಿಸುವುದೇ? ಡಾಕ್ಟರು ಅವಳನ್ನೇ ಕೇಳಿ ಅಂದರು. ಅವಳು ಗಣಿತ ಒಂದೇ ಬರೀತೀನಿ, ವಿಜ್ಞಾನ ಇರಲಿ ಅಂದಳು. ನಾನು ಒಪ್ಪಿದೆ, ಪೂರ್ತಿ ಮನಸ್ಸಿನಿಂದಲ್ಲ. ಮನೆಯವರಿಂದ ಒಂದು ಮಾತು ತೆಗೆದುಕೊಂಡೆ: ಬರೆದು ಬಂದ ದಿನ "ಹೆಂಗ ಬರದಿ" ಅಂತ ಯಾರೂ ಕೇಳಬಾರದು. ಅಜ್ಜಿ ಆ ಮಾತನ್ನು ಅಂದೇ ಮುರಿದಳು.

ಅಣ್ಣ ತಂಗಿ ಜೊತೆಗೇ ಓದಲಿ, ಅವಳು ಅವನಿಗೆ ಹೇಳಿಕೊಡಲಿ ಎಂದು ನಾನು ಸೂಚಿಸಿದ್ದು ಎರಡೇ ದಿನಕ್ಕೆ ಮುರಿದುಬಿತ್ತು. ಅವನಿಗೆ ಶಾಲೆಯಿಂದ ಪಾಸಿಂಗ್ ಪ್ಯಾಕೇಜ್ ಕೊಟ್ಟಿದ್ದರು, ತಪ್ಪದೆ ಬರುವ ಪ್ರಶ್ನೆಗಳನ್ನಷ್ಟೇ ತಿದ್ದಿ ತೀಡಿ ಕಲಿಸುವ ಕಟ್ಟು. ಅವಳಿಗೆ ಅದು ಕಳ್ಳದಾರಿ ಅನ್ನಿಸಿತು. ಅವನಿಗೆ ಅವಳ ಪ್ರಮೇಯ ವಿವರಣೆ ತಲೆನೋವು. ಪೆನ್ನು ಎಸೆದಾಡಿದರು. ಪುಸ್ತಕದಲ್ಲಿ ಓದಿದ ಸಲಹೆಗಳು ಪಡಸಾಲೆಗೆ ಬಂದಾಗ ಹೀಗಾಗುತ್ತದೆ. ಅವನು ಗುಡಿಯ ಕಟ್ಟೆಗೆ ಹೋದ, ಅವಳು ಅಟ್ಟದ ಮೇಲೆ.

ಜೂನ್ ಮಧ್ಯದಲ್ಲಿ ಎರಡನೇ ಫಲಿತಾಂಶ ಬಂತು. ಅವಳ ಗಣಿತ 61ರಿಂದ 74 ಆಯಿತು, ಒಟ್ಟು 535. ನೂರಲ್ಲ, ಆರುನೂರಲ್ಲ. ಅವಳು ಅದನ್ನು ಓದಿ ಹೇಳಿದ ರೀತಿ ಬಸ್ಸಿನ ಟಿಕೆಟ್ ದರ ಹೇಳಿದಂತಿತ್ತು. ಅವಳಿಗೆ ಬೇಕಾಗಿದ್ದದ್ದು ಅಂಕವಲ್ಲ, ಪೂರ್ತಿ ಬರೆದು ಎದ್ದು ಬರುವುದು ಎಂದು ನನಗೆ ತೋರಿತು, ಅವಳನ್ನು ಕೇಳಿಲ್ಲ. ಹುಡುಗನಿಗೆ ವಿಜ್ಞಾನ ಆಯಿತು, ಗಣಿತ ಮತ್ತೆ ಹೋಯಿತು. ಪರೀಕ್ಷೆ-3ರಲ್ಲಿ ಅದನ್ನೂ ದಾಟಿದ. ಆ ಸಂಜೆ ಚಿಕ್ಕಪ್ಪ ಎರಡು ಕೇಜಿ ಪೇಡೆ ತಂದರು. ಒಂದು ಡಬ್ಬಿಯನ್ನು ಅಣ್ಣನ ಕೈಗೆ ಕೊಟ್ಟು, ಇನ್ನೊಂದನ್ನು ಮಗಳ ಕೈಗೆ ಕೊಟ್ಟು, "ನಾಳೆ ಪಾಳಿಗೆ ಹೋಗುವಾಗ ನೆನಪು ಮಾಡು, ಒಯ್ಯಬೇಕು" ಅಂದರಂತೆ.

ತಂಗೆವ್ವ ಈಗ ಕೊಪ್ಪಳದಲ್ಲಿ ಪಿಯುಸಿ ವಿಜ್ಞಾನ ಓದುತ್ತಿದ್ದಾಳೆ, ದಿನಾ ಬಸ್ಸು. ಆಸ್ಪತ್ರೆಗೆ ಒಟ್ಟು ಐದು ಸಲ ಹೋಗಿ ಬಂದಳು. ನಿದ್ದೆ, ಊಟ ಜೂನ್ ಹೊತ್ತಿಗೆ ಹಳಿಗೆ ಬಂದಿದ್ದವು. ಕಾಲೇಜಿನ ಮೊದಲ ಕಿರುಪರೀಕ್ಷೆಯ ಹಿಂದಿನ ರಾತ್ರಿ ಮತ್ತೆ ನಿದ್ದೆ ಹಾರಿತ್ತು, ಅವಳೇ 14416ಕ್ಕೆ ಮಾಡಿದಳು. ಗಡಿಯಾರ ವಾಪಸು ಕೇಳಲಿಲ್ಲ. ಕೊಟ್ಟದ್ದನ್ನು ಕೇಳಬಾರದಂತೆ.

ಅವಳ ಪ್ರಕರಣ ಇಲ್ಲಿಗೆ ಮುಗಿಯಿತು ಎಂದು ಡೈರಿಯಲ್ಲಿ ಗೆರೆ ಎಳೆದಿದ್ದೆ. ಪಂಚಮಿಗೆ ಹುಡುಗ ಶೇಂಗಾ ಉಂಡಿ, ಅಳ್ಳಿಟ್ಟು ತಗೊಂಡು ನಮ್ಮ ಮನೆಗೆ ಬಂದ. ಐಟಿಐ ಫಿಟ್ಟರ್‌ಗೆ ಅರ್ಜಿ ಹಾಕಿದ್ದೀನಿ ಅಂದ. ಹೊರಡುವಾಗ ಚಪ್ಪಲಿ ಮೆಟ್ಟುತ್ತಾ ತಲೆ ತಗ್ಗಿಸಿಯೇ ಹೇಳಿದ: "ಅಕ್ಕೋರ, ಅವತ್ತ ನಿಮ್ಮ ವಾಯ್ಸ್ ಮೆಸೇಜ್ ನಾ ಕೇಳಿದ್ದಿಲ್ರಿ. ಎರಡು ದಿನ ಬಿಟ್ಟು ಕೇಳಿದೆ."

"ಮತ್ತ ಯಾಕ ಇಳದು ಬಂದಿ?"

"ತಂಗೆವ್ವ ಫೋನ್ ಹಚ್ಚಿದ್ಲು. ನೀ ಅಲ್ಲೇ ಇರು, ನಾನೂ ಬರ್ತೀನಿ, ಇಬ್ರೂ ಮನಿಗೆ ಹೋಗೋದ ಬ್ಯಾಡ ಅಂದ್ಲು. ಆಕಿ ದನಿ ಕೇಳಿ ನನಗ ಅಂಜಿಕಿ ಬಂತು. ಅದಕ್ಕ ಓಡಿ ಬಂದೆ."

ಅವನು ಹೋದ ಮೇಲೆ ಡೈರಿ ತೆಗೆದೆ. ಮೇ 2ರ ಪುಟದಲ್ಲಿ "ನನ್ನ ಸಂದೇಶ ಕೇಳಿ ಹುಡುಗ ಇಳಿದು ಬಂದ" ಎಂದು ಬರೆದದ್ದು ಹಾಗೇ ಇತ್ತು. ಅದನ್ನು ಹೊಡೆದು, ಅಂಚಿನಲ್ಲಿ ಜಾಗ ಸಾಲದೆ, ಅವನು ಹೇಳಿದ ಮಾತನ್ನು ಪುಟದ ಹಿಂದೆ ಬರೆದೆ.